ಮಧುಮೇಹಿಗಳ ಪಾದದ ಉಷ್ಣಚಿತ್ರ: ತೆಗೆಯುವ ಕ್ರಮ, ಓದುವ ಬಗೆ, ಅದರ ಮಿತಿ

ನಮ್ಮ ಚರ್ಮ ಎಡೆಬಿಡದೆ ಅವಕೆಂಪು ಕಿರಣಗಳನ್ನು ಹೊರಸೂಸುತ್ತಿರುತ್ತದೆ. ಕಣ್ಣಿಗೆ ಕಾಣದ ಆ ಕಿರಣಗಳನ್ನು ಥರ್ಮಲ್ ಕ್ಯಾಮೆರಾ ಗ್ರಹಿಸಿ, ಚರ್ಮದ ಮೇಲ್ಮೈಯ ಪ್ರತಿ ಬಿಂದುವಿನ ಉಷ್ಣಾಂಶವನ್ನು ಲೆಕ್ಕಹಾಕಿ, ಬಣ್ಣದ ಚಿತ್ರವಾಗಿ ತೋರಿಸುತ್ತದೆ. ವಿಕಿರಣದ ಅಪಾಯವಿಲ್ಲ, ಮೈಯನ್ನು ಮುಟ್ಟಬೇಕಾಗಿಲ್ಲ, ಮೈಬಣ್ಣ ಯಾವುದಿದ್ದರೂ ಅಳತೆ ಬದಲಾಗುವುದಿಲ್ಲ. ಇವು ನಿಜವಾದ ಅನುಕೂಲಗಳೇ. ಆದರೆ ಕ್ಯಾಮೆರಾಕ್ಕೆ ಕಾಣುವುದು ಚರ್ಮದ ತೀರಾ ಹೊರಪದರ ಮಾತ್ರ. ಒಳಗಿನ ಗಂಟು, ಕೀವು, ಮುರಿದ ಮೂಳೆ, ಕಟ್ಟಿಕೊಂಡ ರಕ್ತನಾಳ ಇವುಗಳಲ್ಲಿ ಯಾವುದನ್ನೂ ಅದು ನೇರವಾಗಿ ನೋಡುವುದಿಲ್ಲ. ಅವುಗಳ ಪರಿಣಾಮವಾಗಿ ಚರ್ಮಕ್ಕೆ ಹರಿಯುವ ರಕ್ತ ಹೆಚ್ಚಿದ್ದರೆ ಅಥವಾ ಕುಗ್ಗಿದ್ದರೆ, ಮೇಲ್ಮೈಗೆ ಬಂದ ಬಿಸಿಯ ವ್ಯತ್ಯಾಸವನ್ನಷ್ಟೇ ಅಳೆಯುತ್ತದೆ. ಆದ್ದರಿಂದ ಉಷ್ಣಚಿತ್ರವು ಅನುಮಾನವನ್ನು ಎಬ್ಬಿಸಬಲ್ಲದೇ ಹೊರತು, ಇದ್ದ ಅನುಮಾನವನ್ನು ತೆಗೆದುಹಾಕಲಾರದು. ಮುಂದಿನ ಸೂಚನೆಗಳೆಲ್ಲ ಈ ತಿಳಿವಳಿಕೆಯ ಮೇಲೆ ನಿಂತಿವೆ.

ವೈದ್ಯಕೀಯದಲ್ಲಿ ಈ ತಂತ್ರವನ್ನು ಹಲವು ಕಡೆ ಪ್ರಯತ್ನಿಸಿದ್ದಾರೆ. ಮನೆಯವರಿಗೂ ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿಗೂ ನೇರವಾಗಿ ಉಪಯೋಗಕ್ಕೆ ಬರುವ ಜಾಗವೆಂದರೆ ಮಧುಮೇಹಿಯ ಪಾದ ಎಂಬುದು ನನ್ನ ಅಭಿಪ್ರಾಯ. ಹಾಗಾಗಿ ಅದನ್ನೇ ವಿವರವಾಗಿ ಹೇಳುತ್ತೇನೆ.

ಪಾದವೇ ಏಕೆ

ಸಕ್ಕರೆ ಕಾಯಿಲೆ ಹಳೆಯದಾದಂತೆ ಹಲವರ ಪಾದದಲ್ಲಿ ನೋವಿನ ಅರಿವು ಕುಂದುತ್ತದೆ. ಚಪ್ಪಲಿ ಕಚ್ಚಿದರೂ, ಆಣಿಯ ಕೆಳಗೆ ಮಾಂಸ ಜಜ್ಜಿಹೋದರೂ ಅವರಿಗೆ ತಿಳಿಯುವುದಿಲ್ಲ. ಅದೇ ಜಾಗದ ಮೇಲೆ ಮತ್ತೆ ಮತ್ತೆ ಭಾರ ಹಾಕಿ ನಡೆಯುತ್ತಾರೆ. ಒಳಗೆ ಉರಿಯೂತ ಶುರುವಾಗಿ ಆ ಭಾಗ ಬಿಸಿಯಾಗುತ್ತದೆ, ಹುಣ್ಣು ಕಾಣಿಸಿಕೊಳ್ಳುವುದು ಆಮೇಲೆ. ನೋವು ಕೊಡಬೇಕಾಗಿದ್ದ ಎಚ್ಚರಿಕೆಯನ್ನು ಬಿಸಿಯಿಂದ ಪಡೆಯಬಹುದು ಎಂಬುದೇ ಇಲ್ಲಿನ ಮೂಲ ವಿಚಾರ. ಈ ದಾರಿಯಲ್ಲಿ ಮೊದಲು ನಡೆದವರಲ್ಲಿ ಶಸ್ತ್ರವೈದ್ಯ ಪಾಲ್ ಬ್ರಾಂಡ್ ಒಬ್ಬರು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಕುಷ್ಠರೋಗಿಗಳ ಕೈಕಾಲುಗಳಿಗೆ ಚಿಕಿತ್ಸೆ ಮಾಡುತ್ತಿದ್ದ ಅವರು 1960ರ ದಶಕದಲ್ಲಿ ಅಮೆರಿಕದ ಲೂಸಿಯಾನಾ ರಾಜ್ಯದ ಕಾರ್ವಿಲ್ ಕುಷ್ಠರೋಗ ಆಸ್ಪತ್ರೆಗೆ ಹೋದರು. ಸ್ಪರ್ಶಜ್ಞಾನ ಕಳೆದುಕೊಂಡ ಪಾದಗಳಲ್ಲಿ ಎಲ್ಲಿ ಪೆಟ್ಟಾಗಿದೆ ಎಂದು ಹುಡುಕಲು ಅಲ್ಲಿ ಉಷ್ಣಚಿತ್ರವನ್ನು ಬಳಸಿದರು. ಮುಂದೆ ಅಮೆರಿಕದಲ್ಲಿಯೇ 2004 ಮತ್ತು 2007ರಲ್ಲಿ ಪ್ರಕಟವಾದ ಅಧ್ಯಯನಗಳು, ಹುಣ್ಣಾಗುವ ಅಪಾಯ ಹೆಚ್ಚಿರುವ ಮಧುಮೇಹಿಗಳು ದಿನವೂ ಪಾದದ ಉಷ್ಣಾಂಶ ನೋಡಿಕೊಂಡು, ಬಿಸಿಯಾದಾಗ ನಡಿಗೆ ಕಡಿಮೆ ಮಾಡಿದರೆ ಹುಣ್ಣುಗಳು ಕಡಿಮೆಯಾಗುತ್ತವೆ ಎಂದು ತೋರಿಸಿದವು. ಆ ಅಧ್ಯಯನಗಳಲ್ಲಿ ಬಳಸಿದ್ದು ಕ್ಯಾಮೆರಾವನ್ನಲ್ಲ, ಕೈಯಲ್ಲಿ ಹಿಡಿಯುವ ಸರಳ ಅವಕೆಂಪು ಥರ್ಮಾಮೀಟರನ್ನು.

ಸಾಧನದ ಆಯ್ಕೆ

ಮನೆ ಬಳಕೆಗೆ ಅಂಥ ಥರ್ಮಾಮೀಟರ್ ಸಾಕು. ಆದರೆ ಕೋವಿಡ್ ಕಾಲದಲ್ಲಿ ಕೊಂಡ, ಹಣೆಗೆ ಹಿಡಿಯುವ ಸಾಧನವನ್ನು ಹಾಗೆಯೇ ಪಾದಕ್ಕೆ ಹಿಡಿಯಬಾರದು. ಜ್ವರ ನೋಡುವ ವಿಧಾನದಲ್ಲಿದ್ದಾಗ ಅದು ಹಣೆಯ ಚರ್ಮದ ಉಷ್ಣಾಂಶಕ್ಕೆ ತಿದ್ದುಪಡಿ ಸೇರಿಸಿ, ದೇಹದ ಒಳಗಿನ ಉಷ್ಣಾಂಶವನ್ನು ಅಂದಾಜು ಮಾಡಿ ತೋರಿಸುತ್ತದೆ. ಆ ತಿದ್ದುಪಡಿ ಪಾದಕ್ಕೆ ಹೊಂದುವುದಿಲ್ಲ. ಅನೇಕ ಸಾಧನಗಳಲ್ಲಿ ವಸ್ತುವಿನ ಮೇಲ್ಮೈ ಉಷ್ಣಾಂಶ ಅಳೆಯುವ ಇನ್ನೊಂದು ವಿಧಾನವಿರುತ್ತದೆ, ಅದನ್ನು ಆರಿಸಿಕೊಳ್ಳಬೇಕು.

ಚಿಕಿತ್ಸಾಲಯಕ್ಕೆ ಕ್ಯಾಮೆರಾ ಕೊಳ್ಳುವವರು 320×240 ಬಿಂದುಗಳಿಗಿಂತ ಕಡಿಮೆಯದನ್ನು ಕೊಳ್ಳದಿರುವುದು ಒಳ್ಳೆಯದು. ಮೊಬೈಲ್ ಫೋನಿಗೆ ಸಿಕ್ಕಿಸುವ ಅಗ್ಗದ ಕ್ಯಾಮೆರಾಗಳಲ್ಲಿ ಕಾಲ್ಬೆರಳೊಂದಕ್ಕೆ ಸಿಗುವ ಬಿಂದುಗಳು ಬಹಳ ಕಡಿಮೆ. ಅಳತೆಯ ಖಚಿತತೆಯ ಬಗೆಗೂ ಒಂದು ವಿಷಯ ತಿಳಿದಿರಬೇಕು. ಸಾಮಾನ್ಯ ಕ್ಯಾಮೆರಾ ತೋರಿಸುವ ಉಷ್ಣಾಂಶ ನಿಜಕ್ಕಿಂತ 2 ಡಿಗ್ರಿಯಷ್ಟು (ಇಲ್ಲಿನ ಡಿಗ್ರಿಗಳೆಲ್ಲ ಸೆಲ್ಸಿಯಸ್) ಹೆಚ್ಚುಕಡಿಮೆ ಇರಬಹುದು, ಆದರೆ ಒಂದೇ ಚಿತ್ರದೊಳಗಿನ ಎರಡು ಬಿಂದುಗಳ ನಡುವಿನ ವ್ಯತ್ಯಾಸವನ್ನು ಅದು 0.1 ಡಿಗ್ರಿಯವರೆಗೂ ಗುರುತಿಸಬಲ್ಲದು. ಹೀಗಾಗಿ "ಪಾದ 32 ಡಿಗ್ರಿ ಇದೆ" ಎಂಬ ಮಾತಿಗೆ ಹೆಚ್ಚು ಬೆಲೆಯಿಲ್ಲ, "ಎಡಗಾಲಿನ ಈ ಜಾಗ ಬಲಗಾಲಿನ ಅದೇ ಜಾಗಕ್ಕಿಂತ 2.5 ಡಿಗ್ರಿ ಬಿಸಿ" ಎಂಬ ಮಾತಿಗೆ ಬೆಲೆಯಿದೆ. ಎರಡೂ ಪಾದಗಳನ್ನು ಒಂದೇ ಚಿತ್ರದಲ್ಲಿ ಹಿಡಿಯಬೇಕೆಂದು ಒತ್ತಿ ಹೇಳುವುದು ಇದಕ್ಕಾಗಿಯೇ.

ಸಿದ್ಧತೆ

ಕೆಟ್ಟ ಉಷ್ಣಚಿತ್ರಗಳಲ್ಲಿ ಬಹುಪಾಲು ಕೆಡುವುದು ಈ ಹಂತದಲ್ಲಿ. ಕೋಣೆಯ ಉಷ್ಣಾಂಶ 20ರಿಂದ 24 ಡಿಗ್ರಿಯ ಆಸುಪಾಸಿನಲ್ಲಿ ಸ್ಥಿರವಾಗಿರಬೇಕು. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಹವಾನಿಯಂತ್ರಣವಿಲ್ಲದೆ ಇದು ಸಾಧ್ಯವಿಲ್ಲ. ಅಲ್ಲಿ ಮುಂಜಾನೆ, ಬಿಸಿಲೇರುವ ಮೊದಲೇ ನೋಡುವುದು ಮೇಲು. ಸುತ್ತಲಿನ ಗಾಳಿಯೇ ಚರ್ಮದಷ್ಟು ಬಿಸಿಯಾದಾಗ ಪಾದದೊಳಗಿನ ವ್ಯತ್ಯಾಸಗಳು ಮಾಸಿಹೋಗುತ್ತವೆ. ಫ್ಯಾನ್ ಆರಿಸಬೇಕು, ಕಿಟಕಿಯ ಬಿಸಿಲು ಕಾಲಿನ ಮೇಲೆ ಬೀಳಬಾರದು.

ಚಪ್ಪಲಿ, ಕಾಲುಚೀಲ ತೆಗೆದು ಹದಿನೈದು ನಿಮಿಷ ಸುಮ್ಮನೆ ಕುಳಿತಿರಬೇಕು. ಈ ಅವಧಿಯಲ್ಲಿ ಪಾದಗಳನ್ನು ನೆಲಕ್ಕೆ ಊರಬಾರದು, ಏಕೆಂದರೆ ಕಲ್ಲಿನ ಅಥವಾ ಟೈಲ್ಸಿನ ನೆಲ ಅಂಗಾಲಿನ ಬಿಸಿಯನ್ನು ಬೇಗ ಎಳೆದುಕೊಳ್ಳುತ್ತದೆ. ಕಾಲನ್ನು ಮಡಿಸಿ ಒಂದರ ಮೇಲೊಂದು ಹಾಕಿಕೊಂಡರೆ ಒತ್ತಿದ ಜಾಗ ಬಿಸಿಯಾಗಿ ಕಾಣುತ್ತದೆ. ಕುರ್ಚಿಯ ಮೇಲೆ ಕುಳಿತು, ಎದುರಿಗೆ ಇನ್ನೊಂದು ಕುರ್ಚಿಯಿಟ್ಟು, ಕಣಕಾಲಿನ ಕೆಳಗೆ ದಿಂಬು ಕೊಟ್ಟು, ಪಾದಗಳೆರಡೂ ಗಾಳಿಯಲ್ಲಿ ನಿಲ್ಲುವಂತೆ ಚಾಚುವುದು ಸುಲಭದ ಉಪಾಯ. ಅಂದು ಬೆಳಿಗ್ಗೆ ಪಾದಕ್ಕೆ ಕೊಬ್ಬರಿ ಎಣ್ಣೆ, ಮುಲಾಮು, ಅರಿಸಿನ ಯಾವುದನ್ನೂ ಹಚ್ಚಿರಬಾರದು. ಕಾಲು ತೊಳೆದಿದ್ದರೆ ಬೆರಳುಸಂದಿಯವರೆಗೂ ಒರೆಸಿ, ಪೂರ್ತಿ ಒಣಗಿದ ಮೇಲೆಯೇ ಅಳೆಯಬೇಕು. ತೇವ ಆರುವಾಗ ಚರ್ಮ ತಣ್ಣಗಾಗುತ್ತದೆ. ಅಳತೆಗೆ ಮೊದಲಿನ ಒಂದೆರಡು ಗಂಟೆ ಬೀಡಿ, ಸಿಗರೇಟು, ಕಾಫಿ ಬೇಡ, ದೂರದ ನಡಿಗೆಯೂ ಬೇಡ.

ಚಿತ್ರ ತೆಗೆಯುವುದು

ಕ್ಯಾಮೆರಾವನ್ನು ಚಾಲೂ ಮಾಡಿ, ಅದರ ಒಳಭಾಗ ಸ್ಥಿರ ಉಷ್ಣಾಂಶಕ್ಕೆ ಬರುವ ತನಕ, ಅಂದರೆ ಕಾಲು ಗಂಟೆಯಾದರೂ ಕಾಯಬೇಕು. ಸೆಟ್ಟಿಂಗಿನಲ್ಲಿ ಎಮಿಸಿವಿಟಿಯನ್ನು, ಅಂದರೆ ಮೇಲ್ಮೈ ಎಷ್ಟು ಚೆನ್ನಾಗಿ ಅವಕೆಂಪು ಕಿರಣ ಹೊರಸೂಸುತ್ತದೆ ಎಂಬ ಅಂಕಿಯನ್ನು, 0.98ಕ್ಕೆ ಇಡಬೇಕು. ಅಂಗಾಲಿಗೆ ನೇರ ಎದುರಾಗಿ ಕ್ಯಾಮೆರಾ ಹಿಡಿಯಬೇಕು, ಓರೆಯಿಂದ ತೆಗೆದರೆ ಅಂಚುಗಳು ಇದ್ದುದಕ್ಕಿಂತ ತಣ್ಣಗೆ ಕಾಣುತ್ತವೆ. ಪಾದಗಳ ಹಿಂದೆ ಒಂದು ರಟ್ಟನ್ನು ನಿಲ್ಲಿಸಿದರೆ ಹಿನ್ನೆಲೆಯಲ್ಲಿ ಮೈಯ ಬಿಸಿ ಬೆರೆಯುವುದಿಲ್ಲ. ಅದೇ ಕೋನದಿಂದ ಒಂದು ಮಾಮೂಲಿ ಫೋಟೋ ಕೂಡ ತೆಗೆದಿಡಿ. ಯಾವ ಕೆಂಪು ಮಚ್ಚೆ ಯಾವ ಆಣಿಯ ಮೇಲಿತ್ತು ಎಂಬುದು ವಾರ ಕಳೆದ ಮೇಲೆ ಉಷ್ಣಚಿತ್ರದಿಂದಷ್ಟೇ ಗೊತ್ತಾಗುವುದಿಲ್ಲ.

ಚಿತ್ರದ ಬಣ್ಣಗಳ ಬಗ್ಗೆ ಬಹಳ ಎಚ್ಚರ ಬೇಕು. ಅವು ಪಾದದ ಬಣ್ಣಗಳಲ್ಲ, ಸಂಖ್ಯೆಗಳಿಗೆ ಯಂತ್ರ ಹಚ್ಚಿದ ಬಣ್ಣಗಳು. ಬಣ್ಣದ ಪಟ್ಟಿಯನ್ನು ಕ್ಯಾಮೆರಾ ತಾನೇ ಹೊಂದಿಸಿಕೊಳ್ಳುವಂತೆ ಬಿಟ್ಟರೆ, ಅರ್ಧ ಡಿಗ್ರಿಯ ಸಹಜ ವ್ಯತ್ಯಾಸವೂ ಕಡುನೀಲಿಯಿಂದ ಕೆಂಡದ ಕೆಂಪಿನವರೆಗೆ ಹರಡಿ, ಆರೋಗ್ಯವಂತ ಪಾದವೂ ಉರಿಯುತ್ತಿರುವಂತೆ ತೋರುತ್ತದೆ. ಪಟ್ಟಿಯನ್ನು 22ರಿಂದ 36 ಡಿಗ್ರಿಗೆ ನಿಗದಿಪಡಿಸಿ ಪ್ರತಿ ಸಲವೂ ಹಾಗೆಯೇ ಬಳಸಬೇಕು. ಉಷ್ಣಾಂಶದ ಸಂಖ್ಯೆಗಳು ಉಳಿಯುವ ಮಾದರಿಯ ಕಡತವನ್ನೇ ಸಂಗ್ರಹಿಸಬೇಕು. ಕೇವಲ ಬಣ್ಣದ ಚಿತ್ರವನ್ನು ವಾಟ್ಸ್ಆ್ಯಪಿನಲ್ಲಿ ಕಳಿಸಿದರೆ ವೈದ್ಯರು ಅದರಿಂದ ಏನನ್ನೂ ಅಳೆಯಲಾರರು.

ಓದುವುದು ಮತ್ತು ನಡೆದುಕೊಳ್ಳುವುದು

ಹೆಬ್ಬೆರಳು, ಹೆಬ್ಬೆರಳಿನ ಬುಡದ ಉಬ್ಬು, ನಡುಬೆರಳಿನ ಬುಡ, ಕಿರುಬೆರಳಿನ ಬುಡ, ಪಾದದ ನಡುಭಾಗ, ಹಿಮ್ಮಡಿ: ಈ ಆರು ಕಡೆ ಎಡ ಬಲಗಳನ್ನು ಹೋಲಿಸಬೇಕು. ಯಾವುದೇ ಜಾಗದಲ್ಲಿ ವ್ಯತ್ಯಾಸ 2.2 ಡಿಗ್ರಿಗಿಂತ ಹೆಚ್ಚಿದ್ದು, ಮರುದಿನವೂ ಹಾಗೆಯೇ ಇದ್ದರೆ ನಡಿಗೆಯನ್ನು ಆದಷ್ಟು ಕಡಿಮೆ ಮಾಡಿ ವೈದ್ಯರಿಗೆ ತಿಳಿಸಬೇಕು. ವ್ಯತ್ಯಾಸ ಇಳಿಯುವವರೆಗೂ ಹೊಲ, ಸಂತೆ, ಜಾತ್ರೆಯ ಓಡಾಟ ನಿಲ್ಲಬೇಕು; ದೇವಸ್ಥಾನದ ಅಂಗಳದಲ್ಲೂ ಬರಿಗಾಲಿನ ಪ್ರದಕ್ಷಿಣೆ ಬೇಡ. ಎಂಸಿಆರ್ ಚಪ್ಪಲಿ (ಮೆತ್ತನೆಯ ಮೈಕ್ರೋಸೆಲ್ಯುಲರ್ ರಬ್ಬರಿನ ಚಪ್ಪಲಿ) ಇದ್ದರೆ ಮನೆಯೊಳಗೂ ಅದನ್ನೇ ಹಾಕಬೇಕು, ಅದರ ತಳ ಸವೆದಿದೆಯೇ ಎಂದೂ ನೋಡಬೇಕು.

2021ರಲ್ಲಿ ಪ್ರಕಟವಾದ ನೆದರ್ಲೆಂಡ್ಸಿನ ದೊಡ್ಡ ಪ್ರಯೋಗವೊಂದರಲ್ಲಿ, ಮನೆಯಲ್ಲಿ ಉಷ್ಣಾಂಶ ನೋಡಿಕೊಂಡವರ ಗುಂಪಿನಲ್ಲಿ ಹುಣ್ಣು ಮರುಕಳಿಸುವುದು ಒಟ್ಟಾರೆಯಾಗಿ ಖಚಿತವೆನ್ನುವಷ್ಟು ಕಡಿಮೆಯಾಗಲಿಲ್ಲ. ಆದರೆ ಬಿಸಿ ಕಂಡಾಗ ನಿಜವಾಗಿ ನಡಿಗೆ ಕಡಿಮೆ ಮಾಡಿದವರಲ್ಲಿ ಹುಣ್ಣು ಕಡಿಮೆಯಿತ್ತು. ಪಾದವನ್ನು ಕಾಪಾಡುವುದು ಅಳತೆಯಲ್ಲ, ಅಳತೆಯ ಮೇಲೆ ತೆಗೆದುಕೊಂಡ ವಿಶ್ರಾಂತಿ. ದಿನಗೂಲಿಯವರಿಗೆ ಆ ವಿಶ್ರಾಂತಿ ಎಷ್ಟು ಕಷ್ಟ ಎಂಬುದನ್ನು ಸಲಹೆ ಕೊಡುವವರು ಮೊದಲೇ ಕೇಳಿ ತಿಳಿದಿರಬೇಕು. ನಿಲ್ಲಿಸಲು ಸಾಧ್ಯವಾಗದ ಕೆಲಸವಿದ್ದರೆ, ಬಿಸಿಯಾದ ಜಾಗದ ಮೇಲಿನ ಭಾರ ಇಳಿಸುವ ಪಾದರಕ್ಷೆಯ ಏರ್ಪಾಡನ್ನಾದರೂ ವೈದ್ಯರೊಂದಿಗೆ ಮಾತನಾಡಿ ಮಾಡಿಸಬೇಕು.

ಕೆಲವು ಸ್ಥಿತಿಗಳಲ್ಲಿ ಎರಡನೆಯ ದಿನಕ್ಕೆ ಕಾಯಲೇಬಾರದು. ಹುಣ್ಣು, ಕೀವು, ದುರ್ವಾಸನೆ, ಚಳಿಜ್ವರ ಕಂಡರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಪಾದವೊಂದು ಊದಿಕೊಂಡು, ಕೆಂಪೇರಿ, ಬಿಸಿಯಾಗಿದ್ದು, ಹೆಚ್ಚು ನೋವಿಲ್ಲದಿದ್ದರೆ ಶಾರ್ಕೊ ಪಾದದ ಶಂಕೆಯಿದೆ. ಪಾದದ ಮೂಳೆಗಳೇ ಕುಸಿಯುವ ಆ ತೊಂದರೆಯಲ್ಲಿ ಆರಂಭದ ಎಕ್ಸ್‌ರೇ ಸರಿಯಾಗಿಯೇ ಕಾಣಬಹುದು. ಪಾದ ಇದ್ದಕ್ಕಿದ್ದಂತೆ ತಣ್ಣಗಾಗಿ ಬಿಳಿಚಿದರೆ ಅಥವಾ ನೀಲಿಗಟ್ಟಿದರೆ ರಕ್ತಸಂಚಾರ ನಿಂತಿರುವ ಸಾಧ್ಯತೆಯಿದೆ, ಅಲ್ಲಿ ಗಂಟೆಗಳೂ ಮುಖ್ಯ.

ಚಿತ್ರ ಸುಳ್ಳು ಭರವಸೆ ಕೊಡುವುದು ಎಲ್ಲಿ

ಎರಡೂ ಪಾದಗಳಲ್ಲಿ ಏಕಕಾಲಕ್ಕೆ ತೊಂದರೆಯಿದ್ದರೆ ವ್ಯತ್ಯಾಸ ಕಾಣುವುದಿಲ್ಲ. ಒಂದು ಕಾಲನ್ನು ಕಳೆದುಕೊಂಡವರಿಗೆ ಹೋಲಿಸಲು ಎದುರು ಪಾದವೇ ಇರುವುದಿಲ್ಲ. ಇವೆರಡಕ್ಕಿಂತ ಅಪಾಯಕಾರಿಯಾದುದು ರಕ್ತನಾಳಗಳು ಕಿರಿದಾದ ಪಾದ. ಸೋಂಕಾದ ಜಾಗ ಬಿಸಿಯಾಗುವುದು ಅಲ್ಲಿಗೆ ಹರಿಯುವ ರಕ್ತದಿಂದ. ಆ ರಕ್ತವೇ ಬಾರದಿದ್ದರೆ ಕೊಳೆಯುತ್ತಿರುವ ಬೆರಳೂ ಉಷ್ಣಚಿತ್ರದಲ್ಲಿ ಶಾಂತವಾಗಿ ಕಾಣಬಹುದು. ಇನ್ನೊಂದೆಡೆ ನರಗಳ ಹತೋಟಿ ತಪ್ಪಿ ಚರ್ಮದ ರಕ್ತನಾಳಗಳು ತೆರೆದೇ ಉಳಿದರೆ ಇಡೀ ಪಾದ ಬಿಸಿಯಾಗಿದ್ದು, ರಕ್ತಸಂಚಾರ ಚೆನ್ನಾಗಿದೆ ಎಂಬ ತಪ್ಪು ಕಲ್ಪನೆ ಹುಟ್ಟುತ್ತದೆ. ಗೌಟ್ ಎಂಬ ಕೀಲೂತ, ಉಬ್ಬಿದ ರಕ್ತನಾಳ, ನಿನ್ನೆಯ ಉಳುಕು ಕೂಡ ಒಂದು ಪಾದವನ್ನು ಬಿಸಿ ಮಾಡಬಲ್ಲವು. ಆದ್ದರಿಂದ ವರ್ಷಕ್ಕೊಮ್ಮೆಯಾದರೂ ನಡೆಯಬೇಕಾದ ಪರೀಕ್ಷೆಗಳನ್ನು, ಅಂದರೆ 10 ಗ್ರಾಂ ಮೊನೊಫಿಲಮೆಂಟಿನಿಂದ (ಒತ್ತಿದಾಗ ಬಾಗುವ ನೈಲಾನ್ ಎಳೆ) ಸ್ಪರ್ಶದ ತಪಾಸಣೆ, ಪಾದದ ನಾಡಿ, ಬೇಕಾದರೆ ರಕ್ತದ ಹರಿವು ನೋಡುವ ಡಾಪ್ಲರ್, ಇವನ್ನು ಉಷ್ಣಚಿತ್ರದ ಹೆಸರಿನಲ್ಲಿ ಬಿಡಬಾರದು. ದಿನವೂ ಕಣ್ಣಿನಿಂದ ಅಂಗಾಲು ನೋಡುವುದನ್ನೂ ಬಿಡಬಾರದು.

ಇದೇ ಮಿತಿ ಸ್ತನ ಕ್ಯಾನ್ಸರಿನ ವಿಷಯದಲ್ಲಿ ಜೀವಕ್ಕೇ ಕುತ್ತಾಗಬಹುದು. ಗೆಡ್ಡೆಯ ಮೇಲಿನ ಚರ್ಮ ಬಿಸಿಯಾಗಿರುತ್ತದೆ ಎಂದು 1956ರಲ್ಲಿ ಮಾಂಟ್ರಿಯಲ್‌ನ ವೈದ್ಯ ರೇ ಲಾಸನ್ ವರದಿ ಮಾಡಿದ ನಂತರ ಬಹಳ ನಿರೀಕ್ಷೆ ಮೂಡಿತು. 1970ರ ದಶಕದಲ್ಲಿ ಅಮೆರಿಕದ ರಾಷ್ಟ್ರೀಯ ತಪಾಸಣಾ ಯೋಜನೆಯಲ್ಲಿ ಇದನ್ನು ಸೇರಿಸಿ ನೋಡಿ, ಬಹಳಷ್ಟು ಕ್ಯಾನ್ಸರ್‌ಗಳು ಕಣ್ತಪ್ಪುತ್ತಿದ್ದುದರಿಂದ ಕೈಬಿಟ್ಟರು. ಉಷ್ಣಚಿತ್ರವು ಮ್ಯಾಮೊಗ್ರಫಿಗೆ (ಸ್ತನದ ಎಕ್ಸ್‌ರೇ) ಬದಲಿಯಲ್ಲ ಎಂದು ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲಿ ಎಚ್ಚರಿಸಿತು. ಬೆಂಗಳೂರಿನ ನಿರಾಮಯಿಯಂಥ ಸಂಸ್ಥೆಗಳು ಉಷ್ಣಚಿತ್ರವನ್ನು ಕೃತಕ ಬುದ್ಧಿಮತ್ತೆಯಿಂದ ವಿಶ್ಲೇಷಿಸುವ ಹೊಸ ಪ್ರಯತ್ನ ನಡೆಸಿವೆ. ಅಂಥ ಶಿಬಿರಕ್ಕೆ ಹೋಗುವುದರಲ್ಲಿ ತಪ್ಪಿಲ್ಲ. ಆದರೆ ಗಂಟು ಕೈಗೆ ಸಿಕ್ಕರೆ, ತೊಟ್ಟಿನಿಂದ ರಕ್ತ ಬಂದರೆ, ಚರ್ಮ ಗುಳಿಬಿದ್ದರೆ, ಉಷ್ಣಚಿತ್ರದ ವರದಿ ಏನೇ ಹೇಳಲಿ, ಅಲ್ಟ್ರಾಸೌಂಡ್ ಅಥವಾ ಮ್ಯಾಮೊಗ್ರಫಿ, ಅಗತ್ಯವಿದ್ದರೆ ಬಯಾಪ್ಸಿ ಆಗಲೇಬೇಕು.

ಜ್ವರ ತಪಾಸಣೆಯ ಕ್ಯಾಮೆರಾಗಳ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಒಬ್ಬೊಬ್ಬರನ್ನೇ ನಿಲ್ಲಿಸಿ, ಕನ್ನಡಕ ತೆಗೆಸಿ, ಮೂಗಿನ ಬದಿಯ ಕಣ್ಣಿನ ಮೂಲೆಯನ್ನು ಅಳೆದರೆ ಮಾತ್ರ ಅವು ನಂಬಲರ್ಹ. ಪ್ಯಾರಾಸಿಟಮಾಲ್ ನುಂಗಿ ಬಂದವರೂ, ಜ್ವರವಿಲ್ಲದೆ ಸೋಂಕು ಹೊತ್ತವರೂ ಅವುಗಳಿಂದ ತಪ್ಪಿಸಿಕೊಳ್ಳುತ್ತಾರೆ.

ವೈದ್ಯರ ಬಳಿ ಹೋಗುವಾಗ ಒಂದು ಪುಸ್ತಕದಲ್ಲಿ ದಿನಾಂಕ, ಸಮಯ, ಕೋಣೆಯ ಉಷ್ಣಾಂಶ, ಆರು ಜಾಗಗಳ ಎಡ ಬಲದ ಅಂಕಿಗಳು, ಹಿಂದಿನ ದಿನದ ನಡಿಗೆ, ಹೊಸ ಚಪ್ಪಲಿ ಹಾಕಿದ್ದರೆ ಆ ಸಂಗತಿ, ಇವನ್ನು ಬರೆದುಕೊಂಡು ಹೋಗಿ. ಜೊತೆಗೆ, ದಿನವೂ ಹಾಕುವ ಚಪ್ಪಲಿಯನ್ನೇ ಮೆಟ್ಟಿ ಹೋಗಿ, ಅದರ ಒಳಮೈಯನ್ನು ವೈದ್ಯರಿಗೆ ತೋರಿಸಿ. ಬಿಸಿಯ ಕಾರಣ ಎಷ್ಟೋ ಸಲ ಅಲ್ಲಿಯೇ, ಎದ್ದುನಿಂತ ಮೊಳೆಯಲ್ಲೋ ಹೊಲಿಗೆಯಲ್ಲೋ ಸಿಗುತ್ತದೆ.