ಸತ್ತ ಮೇಲೆ ಸಹಿ? ಕ್ವೇಕರ್ ತಿಂಗಳ ಗೊಂದಲ ಬಿಡಿಸಿದ್ದು

ಅಮೆರಿಕದ ಪೆನ್ಸಿಲ್ವೇನಿಯಾದ ಒಬ್ಬ ಕ್ವೇಕರ್ (ಒಂದು ಕ್ರೈಸ್ತ ಪಂಥ) ಜಮೀನುದಾರರ ಸಮಾಧಿ ದಾಖಲೆಯಲ್ಲಿ "1731, 11ನೇ ತಿಂಗಳು" ಅಂತಿತ್ತು, ಅಂದರೆ ನವೆಂಬರ್ ಅನ್ನಿಸುತ್ತದೆ. ಕ್ರಯಪತ್ರಕ್ಕೆ ಅವರೇ ಸಹಿ ಹಾಕಿದ್ದು 1731ರ ಡಿಸೆಂಬರ್‌ನಲ್ಲಿ! ಅದೇ ಹೆಸರಿನ ಇನ್ನೊಬ್ಬರಿರಬೇಕು ಅನ್ನಿಸುವುದು ಸಹಜ. ವಂಶವೃಕ್ಷಗಳು ಕೆಡುವುದೇ ಇಲ್ಲಿ.

ಕ್ವೇಕರರು ತಿಂಗಳ ಹೆಸರು ಬರೆಯದೆ ಅಂಕಿ ಬರೆಯುತ್ತಿದ್ದರು. 1752ಕ್ಕೆ ಮುಂಚೆ ಅವರ 1ನೇ ತಿಂಗಳು ಮಾರ್ಚ್, ಹೊಸ ವರ್ಷ ಶುರುವಾಗುತ್ತಿದ್ದುದೂ ಆ ತಿಂಗಳಲ್ಲೇ. ಹಾಗಾಗಿ 11ನೇ ತಿಂಗಳೆಂದರೆ ಜನವರಿ, ಈಗಿನ ಲೆಕ್ಕದಲ್ಲಿ 1732. ಸಹಿ ಮೊದಲು, ಸಾವು ಆಮೇಲೆ. ಟಿಪ್ಪಣಿಯಲ್ಲಿ ಮೂಲ ಬರಹವನ್ನು ಹಾಗೇ ಉಳಿಸಿ, ಪಕ್ಕದಲ್ಲಿ "1731/32" ಎಂದು ಬರೆಯಿರಿ.

ಜಮೀನಿಗೆ ವಾರಂಟ್ (ಅಳತೆಗೆ ಆದೇಶ), ಸರ್ವೆ (ಅಳತೆ), ಪೇಟೆಂಟ್ (ಅಂತಿಮ ಹಕ್ಕುಪತ್ರ) ಮೂರನ್ನೂ ಹುಡುಕಿ. ಇವು ಹ್ಯಾರಿಸ್‌ಬರ್ಗ್‌ನ ರಾಜ್ಯ ಪತ್ರಾಗಾರದಲ್ಲಿವೆ. ಅಲ್ಲಿನ ಲ್ಯಾಂಕಾಸ್ಟರ್ ಕೌಂಟಿ (ಜಿಲ್ಲೆಯಂಥ ಆಡಳಿತ ಪ್ರದೇಶ) 1729ರಲ್ಲಷ್ಟೇ ಚೆಸ್ಟರ್‌ನಿಂದ ಬೇರೆಯಾದದ್ದು. ಅದಕ್ಕೂ ಹಳೆಯ ಪತ್ರಗಳಿಗೆ ಚೆಸ್ಟರ್ ಕೌಂಟಿಯ ದಾಖಲೆ ನೋಡಿ. ಕ್ರಯಪತ್ರಗಳು ಎಷ್ಟೋ ವರ್ಷ ತಡವಾಗಿ ನೋಂದಣಿಯಾಗಿರಬಹುದು, ಮಕ್ಕಳ ಕಾಲದ ಸೂಚಿಯನ್ನೂ ಬಿಡಬೇಡಿ.