ಹುಳುಕಡ್ಡಿ ಓಡಿಸಲು ಪರ್ಷಿಯನ್‌ಗಳ ಕೂದಲು ತೆಗೆದೆ

ಪರ್ಷಿಯನ್ ಬೆಕ್ಕಿನ ಕೂದಲು ತೆಗೆದರೆ ಮತ್ತೆ ಅಂಥ ಕೋಟ್ (ಮೈತುಂಬ ಕೂದಲು) ಬರುವುದೇ ಇಲ್ಲ ಎಂದು ನನಗೆ ಹೇಳದ ಬ್ರೀಡರ್ ಇಲ್ಲ. ಈಗ ಅವರೇ ನಮ್ಮ ಬೆಕ್ಕುಗಳನ್ನು ನೋಡಿ ಯಾವ ಶಾಂಪೂ ಎಂದು ಕೇಳುತ್ತಾರೆ. ಹುಳುಕಡ್ಡಿ ಹೋಗಿ ಎರಡು ಮಳೆಗಾಲ ಕಳೆಯಿತು, ತಿರುಗಿ ಬಂದಿಲ್ಲ. ಅದೂ ಮಂಗಳೂರಿನ ಮಳೆಗಾಲ!

ಆಗ ಮನೆಯಲ್ಲಿ ಏಳೆಂಟು ಬೆಕ್ಕುಗಳಿದ್ದವು. ಹೆಚ್ಚಿನವು ಪಂಚ್ ಫೇಸ್, ಅಂದರೆ ಚಪ್ಪಟೆ ಮುಖದವು. ಮೊದಲು ಒಂದು ಮರಿಯ ಕಿವಿಯ ತುದಿಯಲ್ಲಿ ಕೂದಲು ಉದುರಿತು. ಆಮೇಲೆ ಹೆಂಡತಿಯ ಮುಂಗೈ ಮೇಲೆ ದುಂಡಗಿನ ಕೆಂಪು ಕಲೆ. ಅಲ್ಲಿಗೆ ಬಂದ ಮೇಲೆ ಯಾವ ಬೆಕ್ಕಿನದು ಎಂದು ಹುಡುಕಿ ಪ್ರಯೋಜನವಿಲ್ಲ. ಅಷ್ಟು ಉದ್ದ ಕೂದಲಿನೊಳಗೆ ಕಲೆ ಕಾಣುವುದಿಲ್ಲ. ಚೆನ್ನಾಗಿ ಕಾಣುವ ಬೆಕ್ಕೇ ಸ್ಪೋರ್ (ಹುಳುಕಡ್ಡಿ ಹರಡುವ ಶಿಲೀಂಧ್ರದ ಬೀಜಕಣ) ಹೊತ್ತು ಮನೆಯೆಲ್ಲ ತಿರುಗುತ್ತಿರುತ್ತದೆ.

ಮೊದಲ ಏಳೆಂಟು ತಿಂಗಳು ದುಡ್ಡು ಸುಮ್ನೆ ಹೋಯಿತು. ಮುಲಾಮು ಹಚ್ಚಿದರೆ ನೆಕ್ಕಿಬಿಡುತ್ತವೆ. ಬೇವು-ಅರಿಸಿನ ಹಚ್ಚಿ ನೋಡಿದೆವು. ಬಿಳಿ ಬೆಕ್ಕು ಹಳದಿಯಾಯಿತು, ಕಲೆ ಮಾತ್ರ ದೊಡ್ಡದಾಯಿತು. ಟೀ ಟ್ರೀ ಎಣ್ಣೆ ಹಚ್ಚಿ ಎಂದವರೂ ಇದ್ದರು. ಅದು ಬೆಕ್ಕಿಗೆ ವಿಷ, ನಾನು ಮನೆಯೊಳಗೇ ತರಲಿಲ್ಲ. ಒಂದು ಕ್ಲಿನಿಕ್‌ನಲ್ಲಿ ಕಲೆ ಇದ್ದ ಬೆಕ್ಕಿಗೆ ಮಾತ್ರ ಮಾತ್ರೆ ಕೊಟ್ಟು, ಕೂದಲು ಬಂದ ಕೂಡಲೇ ನಿಲ್ಲಿಸಿ ಎಂದರು. ಕೂದಲು ಬಂತು. ತಿಂಗಳೊಳಗೆ ಪಕ್ಕದ ಬೆಕ್ಕಿಗೆ ಶುರುವಾಯಿತು. ಹೀಗೇ ಹದಿನೈದು ಹದಿನೆಂಟು ಸಾವಿರ ಹೋಗಿರಬೇಕು. ಮರಿಗಳಿಗೆ ತೆಗೆದುಕೊಂಡಿದ್ದ ಮುಂಗಡ ವಾಪಸ್ ಕೊಟ್ಟಿದ್ದು ಬೇರೆ.

ಆಮೇಲೆ ಬೇರೆ ಡಾಕ್ಟರ ಜೊತೆ ಕೂತು ಎಲ್ಲ ಬೆಕ್ಕಿಗೂ ಒಟ್ಟಿಗೇ ಶುರು ಮಾಡಿದೆ. ಕಲೆ ಇರಲಿ, ಇಲ್ಲದಿರಲಿ. ಎಲ್ಲದರ ಮೈಕೂದಲೂ ತೆಗೆದೆ. ಚಪ್ಪಟೆ ಮುಖದವಕ್ಕೆ ಮತ್ತಿನ ಔಷಧ ಕೊಡುವುದು ನನಗೆ ಇಷ್ಟವಿಲ್ಲ, ಉಸಿರಿನ ದಾರಿ ಮೊದಲೇ ಚಿಕ್ಕದು. ಹಾಗಾಗಿ ಮನೆಯಲ್ಲೇ ಕೂದಲು ಕತ್ತರಿಸುವ ಕ್ಲಿಪ್ಪರ್‌ಗೆ ನಂ. 10 ಬ್ಲೇಡ್ ಹಾಕಿ ಸ್ವಲ್ಪ ಸ್ವಲ್ಪವೇ ತೆಗೆದೆ. ಬಾಯಿ ತೆರೆದು ಉಸಿರಾಡಿದರೆ ಅಲ್ಲಿಗೇ ನಿಲ್ಲಿಸುತ್ತಿದ್ದೆ. ಚರ್ಮ ಗೀರಬಾರದು, ಗೀರಿದ ಕಡೆಯೇ ಹೊಸ ಕಲೆ ಏಳುತ್ತದೆ. ಕೂದಲೆಲ್ಲ ಪೇಪರಿನಲ್ಲಿ ಸುತ್ತಿ ಸುಟ್ಟೆ.

ವಾರಕ್ಕೆ ಎರಡು ಸಲ ಲೈಮ್ ಸಲ್ಫರ್, ಅಂದರೆ ಸುಣ್ಣ-ಗಂಧಕದ ದ್ರಾವಣ. ಬೆಕ್ಕು-ನಾಯಿಗೆಂದೇ ಬರುವ ಬಾಟಲಿ, ತೋಟಕ್ಕೆ ಹೊಡೆಯುವುದಲ್ಲ. ಎಲ್ಲಿಂದ ತರಿಸುತ್ತೇನೆ ಅನ್ನುವುದು ನನ್ನಲ್ಲೇ ಇರಲಿ. ಮೈಗೆ ಸುರಿದು ತೊಳೆಯದೆ ಹಾಗೇ ಒಣಗಲು ಬಿಡಬೇಕು. ಮುಖಕ್ಕೆ ಸುರಿಯುವ ಹಾಗಿಲ್ಲ, ಸ್ಪಂಜಿನಲ್ಲಿ ಒತ್ತಬೇಕು. ಒಣಗುವವರೆಗೆ ನೆಕ್ಕದಂತೆ ಕುತ್ತಿಗೆಗೆ ಕೋನ್. ಮನೆಯೆಲ್ಲ ಕೊಳೆತ ಮೊಟ್ಟೆಯ ವಾಸನೆ. ಹೆಂಡತಿಯ ಬೆಳ್ಳಿ ಕಾಲ್ಗೆಜ್ಜೆ ಕಪ್ಪಾಯಿತು. ಜೊತೆಗೆ ಇಟ್ರಾಕೊನಜೋಲ್ ಎಂಬ ಶಿಲೀಂಧ್ರದ ಔಷಧ, ಒಂದು ವಾರ ಕೊಟ್ಟು ಒಂದು ವಾರ ಬಿಟ್ಟು. ಡೋಸ್ ತೂಕ ನೋಡಿ ಡಾಕ್ಟರೇ ಬರೆದರು, ಮೊದಲು ಲಿವರ್ ಟೆಸ್ಟ್ ಮಾಡಿಸಿದರು. ಗಬ್ಬದ ಬೆಕ್ಕಿಗೆ ಆ ಔಷಧ ಕೊಡಲಿಲ್ಲ, ಬೇರೆ ಕೋಣೆಯಲ್ಲಿಟ್ಟು ಬರೀ ಲೈಮ್ ಸಲ್ಫರ್ ಸುರಿದೆ.

ಅರ್ಧ ಕೆಲಸ ಮನೆಯದು. ಸ್ಪೋರ್ ಉದುರಿದ ಕೂದಲಿನಲ್ಲಿ ವರ್ಷದ ಮೇಲೂ ಉಳಿಯಬಲ್ಲದು. ಬೆಕ್ಕುಗಳನ್ನು ಟೈಲ್ಸ್ ಇರುವ ಒಂದೇ ಕೋಣೆಗೆ ಸೇರಿಸಿ, ಹಳೆಯ ಸೋಫಾ ಹೊರಗೆ ಹಾಕಿದೆ. ಮೊದಲು ವ್ಯಾಕ್ಯೂಮ್, ಆಮೇಲೆ ಸೋಪು ನೀರು, ಕೊನೆಗೆ ತೆಳು ಬ್ಲೀಚ್. ಕೂದಲು ತೆಗೆಯದೆ ಬ್ಲೀಚ್ ಸುರಿದು ಏನೂ ಪ್ರಯೋಜನವಿಲ್ಲ. ಫಿನೈಲ್ ಮಾತ್ರ ಬೇಡವೇ ಬೇಡ. ಬೆಕ್ಕಿನ ಲಿವರ್ ಅದನ್ನು ಅರಗಿಸಲಾರದು, ಪಾದ ನೆಕ್ಕಿಕೊಂಡರೂ ಸಾಕು.

ನಡುವೆ ರೋಗದ ಕೂದಲು ಹುಡುಕುವ ಟಾರ್ಚಿನ ಹುಚ್ಚು ಹಿಡಿಯಿತು. ನೋಟು ನೋಡುವ ನೇರಳೆ ಟಾರ್ಚಿನಲ್ಲಿ ಧೂಳು, ಔಷಧ, ಬಟ್ಟೆಯ ನೂಲು ಎಲ್ಲವೂ ಹೊಳೆಯುತ್ತವೆ. ಏಳೆಂಟು ನೂರು ಕೊಟ್ಟು 365 ನ್ಯಾನೋಮೀಟರ್‌ನ ಯುವಿ ಟಾರ್ಚ್ ತರಿಸಿದೆ. ರೋಗದ ಕೂದಲು ಬುಡದಿಂದಲೇ ಹಸಿರಾಗಿ ಹೊಳೆಯುತ್ತದೆ. ಔಷಧ ಹತ್ತಿದ ಮೇಲೆ ಬುಡ ಆರಿ, ತುದಿಯಲ್ಲಿ ಮಾತ್ರ ಹಸಿರು ಉಳಿಯುತ್ತದೆ. ಅದನ್ನು ಕಂಡ ರಾತ್ರಿ ನನಗೆ ನಿದ್ದೆಯೇ ಬರಲಿಲ್ಲ, ಅಷ್ಟು ಖುಷಿ. ಆದರೆ ಹೊಳೆಯದಿದ್ದರೆ ರೋಗ ಇಲ್ಲ ಎಂದಲ್ಲ.

ಕೂದಲು ಹೋದ ಮೇಲೆ ಬೇರೆಯೂ ಕಂಡವು. ಪಂಚ್ ಫೇಸ್‌ಗಳ ಕಣ್ಣೀರು ಮೂಗಿನ ಪಕ್ಕದ ಮಡಿಕೆಯಲ್ಲಿ ನಿಂತು ಚರ್ಮ ಬೆಂದಂತಾಗಿತ್ತು. ಉಗುರು ಬೆಚ್ಚಗಿನ ಸಲೈನ್, ಹತ್ತಿ, ಒಣ ಬಟ್ಟೆ, ದಿನಕ್ಕೆ ಎರಡು ಸಲ. ಬಟ್ಟಲು ಬಿಟ್ಟು ಚಪ್ಪಟೆ ತಟ್ಟೆ ಇಟ್ಟೆ, ಮುಖಕ್ಕೆ ಊಟ ಮೆತ್ತುವುದು ಕಡಿಮೆಯಾಯಿತು. ಅದೇ ಓಡಾಟದಲ್ಲಿ ಎಲ್ಲಕ್ಕೂ ಕಿಡ್ನಿ ಸ್ಕ್ಯಾನ್ ಮಾಡಿಸಿದೆ. ಪರ್ಷಿಯನ್‌ಗಳಲ್ಲಿ ಕಿಡ್ನಿ ಗುಳ್ಳೆಯ ರೋಗ ಅಪ್ಪ ಅಮ್ಮರಲ್ಲಿ ಒಬ್ಬರಿಂದ ಬಂದರೂ ಸಾಕು. ಮರಿ ಮಾಡಿಸುವವರು ಇದನ್ನು ನೋಡದೆ ಜೋಡಿ ಹಾಕುವುದು ನನಗಂತೂ ಸರಿ ಕಾಣುವುದಿಲ್ಲ.

ಔಷಧ ನಿಲ್ಲಿಸಿದ್ದು ಕಣ್ಣಳತೆಯಲ್ಲಲ್ಲ. ಪ್ರತಿ ಬೆಕ್ಕಿಗೂ ಹೊಸ ಟೂತ್‌ಬ್ರಷ್, ಮೈಯೆಲ್ಲ ಉಜ್ಜಿ ಕಲ್ಚರ್‌ಗೆ, ಅಂದರೆ ಶಿಲೀಂಧ್ರ ಬೆಳೆಯುತ್ತದೆಯೇ ಎಂದು ನೋಡುವ ಲ್ಯಾಬ್ ಪರೀಕ್ಷೆಗೆ. ಎರಡು ಸಲ ನೆಗೆಟಿವ್ ಬಂದ ಮೇಲೆಯೇ ನಿಲ್ಲಿಸಿದೆ. ಒಂದಕ್ಕೆ ಆರೇಳು ನೂರು ಆಗುತ್ತಿತ್ತು. ಈ ಎರಡನೇ ಸಲದ ಖರ್ಚು ಎಲ್ಲ ಸೇರಿ ಇಪ್ಪತ್ತೈದು ಸಾವಿರದ ಒಳಗೇ ಮುಗಿಯಿತು. ಆರು ತಿಂಗಳಿಗೆ ಕೋಟ್ ತುಂಬಿತು, ಕುತ್ತಿಗೆಯ ಸುತ್ತಿನ ದಟ್ಟ ಕೂದಲು ಮಾತ್ರ ಸ್ವಲ್ಪ ತಡ. ಆಗ ಏನು ತಿನ್ನಿಸಿದೆ ಎಂದು ಎಲ್ಲರೂ ಕೇಳುತ್ತಾರೆ, ಅದನ್ನು ನಮ್ಮಿಂದ ಮರಿ ಒಯ್ದವರಿಗೆ ಮಾತ್ರ ಹೇಳುತ್ತೇನೆ. ಈಗ ಹೊಸ ಬೆಕ್ಕು ಬಂದರೆ, ಮೇಟಿಂಗಿಗೆ ಹೋಗಿ ಬಂದರೂ ಅಷ್ಟೇ, ಕಲ್ಚರ್ ರಿಪೋರ್ಟ್ ಕೈಗೆ ಸಿಗುವವರೆಗೆ ಎರಡು ಮೂರು ವಾರ ಮಹಡಿಯ ಕೋಣೆಯಲ್ಲೇ ಇರುತ್ತದೆ.