ಬ್ಯಾಕ್ ಕ್ಲೋನ್‌ಗಳಲ್ಲಿ ಬರೀ ಚಿಕ್ಕ ತುಣುಕು: ಎರಡನೇ ಜೆಲ್‌ನಿಂದ ಸರಿಯಾಯಿತು

ಬ್ಯಾಕ್ ಕ್ಲೋನ್ (ದೊಡ್ಡ ಡಿಎನ್‌ಎ ತುಣುಕನ್ನು ಹೊತ್ತ ಬ್ಯಾಕ್ಟೀರಿಯಾ ಕ್ಲೋನ್) ಮಾಡಲು ಭತ್ತದ ಡಿಎನ್‌ಎಯನ್ನು ಹಿಂಡ್‌-ತ್ರೀ ಕಿಣ್ವದಿಂದ ಭಾಗಶಃ ಕತ್ತರಿಸಿ, ದೊಡ್ಡ ತುಣುಕುಗಳನ್ನು ಗಾತ್ರದಂತೆ ಬೇರ್ಪಡಿಸುವ ಪಲ್ಸ್ಡ್ ಫೀಲ್ಡ್ ಜೆಲ್‌ನಲ್ಲಿ 150ರಿಂದ 250 ಕಿಲೋಬೇಸ್ (ಸಾವಿರ ಬೇಸ್ ಜೋಡಿ) ಭಾಗವನ್ನೇ ತೆಗೆದು ಪಿಬೆಲೋಬ್ಯಾಕ್‌11 ಎಂಬ ವಾಹಕ ಡಿಎನ್‌ಎಗೆ ಸೇರಿಸಿದ್ದೆ. ಬಿಳಿ ಕಾಲೊನಿಗಳು (ತುಣುಕು ಸೇರಿದ ಬ್ಯಾಕ್ಟೀರಿಯಾ) ಬೇಕಾದಷ್ಟು ಬಂದವು. ನಾಟ್‌-ಒನ್‌ ಕಿಣ್ವದಿಂದ ಕತ್ತರಿಸಿ ನೋಡಿದರೆ ಹೆಚ್ಚಿನವುಗಳಲ್ಲಿ ಇದ್ದದ್ದು 30–50 ಕಿಲೋಬೇಸ್ ಮಾತ್ರ.

ಕಿಣ್ವ ಕಡಿಮೆ ಮಾಡಿದೆ, ಅಗಲ ಬಾಯಿಯ ಟಿಪ್ ಬಳಸಿದೆ, ಎಲೆಕ್ಟ್ರೊಪೊರೇಷನ್ (ವಿದ್ಯುತ್ ಆಘಾತದಿಂದ ಡಿಎನ್‌ಎಯನ್ನು ಕೋಶದೊಳಕ್ಕೆ ಕಳಿಸುವುದು) ವೋಲ್ಟೇಜ್ ಇಳಿಸಿದೆ. ಪ್ರಯೋಜನವಾಗಲಿಲ್ಲ.

ಕಾರಣ ಇಷ್ಟೇ: ಜೆಲ್‌ನಲ್ಲಿ ಡಿಎನ್‌ಎ ದಟ್ಟವಾಗಿದ್ದಾಗ ಚಿಕ್ಕ ತುಣುಕುಗಳು ದೊಡ್ಡವುಗಳ ನಡುವೆ ಸಿಕ್ಕಿಕೊಂಡು ಜೊತೆಯಲ್ಲೇ ಬರುತ್ತವೆ. ತುಣುಕನ್ನು ವಾಹಕಕ್ಕೆ ಬೆಸೆಯುವ ಲೈಗೇಷನ್‌ನಲ್ಲೂ ಕೋಶದೊಳಕ್ಕೆ ಹೋಗುವುದರಲ್ಲೂ ಚಿಕ್ಕವುಗಳದೇ ಮೇಲುಗೈ. ಆದ್ದರಿಂದ ಗಾತ್ರದ ಆಯ್ಕೆ ಎರಡು ಸಲ ಆಗಲೇಬೇಕು.

ಮೊದಲ ಓಟ: 1% ಅಗರೋಸ್, 0.5 ಪಟ್ಟು ಟಿಬಿಇ ಬಫರ್, 12.5 ಡಿಗ್ರಿ ಸೆಲ್ಸಿಯಸ್, ಸೆಂ.ಮೀ.ಗೆ 6 ವೋಲ್ಟ್, 120 ಡಿಗ್ರಿ ಕೋನ, ಸ್ವಿಚ್ (ವಿದ್ಯುತ್ತಿನ ದಿಕ್ಕು ಬದಲಾಗುವ ಅಂತರ) 1ರಿಂದ 40 ಸೆಕೆಂಡ್, 18 ಗಂಟೆ. ಅಂಚಿನ ಪಟ್ಟಿಗಳಿಗೆ ಮಾತ್ರ ಎಥಿಡಿಯಂ (ಯುವಿ ಬೆಳಕಲ್ಲಿ ಡಿಎನ್‌ಎ ತೋರಿಸುವ ಬಣ್ಣ) ಹಾಕಿ ಗುರುತು ಮಾಡಿಕೊಳ್ಳಿ. ಕ್ಲೋನ್ ಮಾಡುವ ಡಿಎನ್‌ಎಗೆ ಯುವಿ ಬೆಳಕು ಸೋಕಲೇಬಾರದು.

ಆ ಗುರುತಿನಂತೆ ಕತ್ತರಿಸಿದ ಜೆಲ್ ತುಂಡನ್ನು ಹೊಸ 1% ಜೆಲ್‌ನಲ್ಲಿಡಿ. ಉಳಿದದ್ದೆಲ್ಲ ಹಾಗೆಯೇ, ಸ್ವಿಚ್ ಮಾತ್ರ 3ರಿಂದ 5 ಸೆಕೆಂಡ್. ಈ ವೇಗದಲ್ಲಿ ದೊಡ್ಡ ತುಣುಕುಗಳು ಒಂದೇ ಬಿಗಿ ಪಟ್ಟೆಯಾಗಿ ಹಿಂದೆ ನಿಲ್ಲುತ್ತವೆ, ಸಿಕ್ಕಿಕೊಂಡಿದ್ದ ಚಿಕ್ಕವು ಬಿಡಿಸಿಕೊಂಡು ಮುಂದೆ ಓಡುತ್ತವೆ. ಆ ಪಟ್ಟೆಯನ್ನು ಡಯಾಲಿಸಿಸ್ ಚೀಲದಲ್ಲಿಟ್ಟು ವಿದ್ಯುತ್ತಿನಿಂದ ಹೊರತೆಗೆಯಿರಿ. ಕೊನೆಗೆ ಒಂದು ನಿಮಿಷ ಧ್ರುವ ತಿರುಗಿಸಿ, ಇಲ್ಲದಿದ್ದರೆ ಡಿಎನ್‌ಎ ಚೀಲದ ಗೋಡೆಗೇ ಅಂಟಿರುತ್ತದೆ. 4 ಡಿಗ್ರಿಯಲ್ಲಿಟ್ಟು ಬೇಗ ಲೈಗೇಟ್ ಮಾಡಿ, ಫ್ರೀಜ್ ಮಾಡಬೇಡಿ.